ಅಡವಿಟ್ಟ ಸರದಿ

ಮಾಸಾನ್ ಬಂದರಿನ ಮೀನುಪೇಟೆಯಲ್ಲಿ ಮಾಲ್ಸುಕ್‌ಳ ಹತ್ತಿರ ಕೈಸಾಲ ಕೇಳಲು ಯಾರೂ ಹೋಗುತ್ತಿರಲಿಲ್ಲ. ಅವಳು ಜಿಪುಣಿ ಎಂದಲ್ಲ. ಅವಳ ದುಡ್ಡಿಗೆ ಕಾಲಿದೆ, ಅದು ನೆಟ್ಟಗೆ ಮನೆ ಖಾತೆಗೇ ನಡೆದುಹೋಗುತ್ತದೆ ಎಂಬುದು ಪೇಟೆಗೆಲ್ಲ ಗೊತ್ತಿತ್ತು. ತಿಂಗಳು ಹುಟ್ಟಿದರೆ ಸಾಕು, ಕೈಗವಸು ಕಳಚಿಟ್ಟು, ಲೋಳೆ ಅಂಟಿದ ರಬ್ಬರ್ ಬೂಟಿನಲ್ಲೇ ಬ್ಯಾಂಕಿಗೆ ಹೊರಡುವಳು. ಬ್ಯಾಂಕಿನವರಿಗೆ ಅವಳು ಬಂದದ್ದು ತಲೆ ಎತ್ತದೆಯೇ ತಿಳಿಯುತ್ತಿತ್ತು. ಮೂಗು ಹೇಳುತ್ತಿತ್ತು.

ಮನೆ ಖಾತೆಯೆಂದರೆ ಬರಿಯ ಉಳಿತಾಯವಲ್ಲ, ಅದೊಂದು ಸಾಲು. ಸ್ವಂತ ಸೂರಿಲ್ಲದವರು ತಿಂಗಳು ತಿಂಗಳು ಕಂತು ಕಟ್ಟುತ್ತ ಹೋಗಬೇಕು. ಸರಕಾರದವರು ಕಟ್ಟಿಸಿದ ಫ್ಲಾಟು ಮಾರಾಟಕ್ಕೆ ಬಂದಾಗ ಯಾರ ಕಂತು ಹೆಚ್ಚೋ ಅವರು ಮುಂದೆ, ಉಳಿದವರು ಹಿಂದೆ. ನಡುವೆ ಖಾತೆ ಒಡೆದರೆ ದುಡ್ಡು ವಾಪಸು ಬರುತ್ತದೆ, ನಿಂತ ವರ್ಷಗಳು ಬರುವುದಿಲ್ಲ. ಮಾಲ್ಸುಕ್ ಇಪ್ಪತ್ತು ವರ್ಷ ನಿಂತಿದ್ದಳು.

ಇಷ್ಟು ನಿಂತವಳಿಗೆ ಮನೆ ಯಾಕೆ ಸಿಗಲಿಲ್ಲ ಎಂದರೆ, ಅವಳ ಗಂಡ ಚಿಲ್ಬೋಂಗ್‌ನನ್ನು ಕೇಳಬೇಕು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಎಳೆಯುವ ಕೆಲಸ ಅವನದು. ಪ್ರತಿ ಸಲ ಮಾರಾಟದ ಪ್ರಕಟಣೆ ಬಂದಾಗಲೂ ಬೆಲೆ ಅವರ ಚೀಲಕ್ಕಿಂತ ಒಂದು ಗೇಣು ಎತ್ತರದಲ್ಲೇ ಇರುತ್ತಿತ್ತು. "ಇನ್ನೊಂಚೂರು ಸೇರಿಸೋಣ ಬಿಡೇ, ಮನೆ ಏನು ಎದ್ದು ಓಡೋಗತ್ತಾ?" ಎನ್ನುತ್ತಿದ್ದ. ಮನೆ ಓಡಲಿಲ್ಲ, ಬೆಲೆ ಓಡಿತು. ಅದನ್ನು ಅಟ್ಟಿಸಿಕೊಂಡು ಹೋಗುತ್ತ ಗಂಡಹೆಂಡಿರಿಬ್ಬರಿಗೂ ಕೂದಲು ಬೆಳ್ಳಗಾಯಿತು. ಮಕ್ಕಳಿರಲಿಲ್ಲ. ಇದ್ದಿದ್ದರೆ ಆ ಕಂತು ಕಟ್ಟಲೂ ಆಗುತ್ತಿರಲಿಲ್ಲವೆಂದು ಮಾಲ್ಸುಕ್ ತನಗೆ ತಾನೇ ಸಮಾಧಾನ ಹೇಳಿಕೊಂಡದ್ದುಂಟು.

ಒಂದು ಬೆಳಿಗ್ಗೆ ಚಿಲ್ಬೋಂಗ್ ಗಡ್ಡೆಗಳ ನಡುವೆಯೇ ಕುಸಿದ. ಮೆದುಳಿನ ರಕ್ತನಾಳ ಒಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಉಳಿದದ್ದು "ಹೂಂ" ಎಂಬ ಒಂದೇ ಶಬ್ದ. ಗಂಜಿಗೂ ಹೂಂ, ಸೂಜಿಗೂ ಹೂಂ. ಅವನನ್ನು ಆರೈಕೆಯ ಆಸ್ಪತ್ರೆಗೆ ಸೇರಿಸಿ, ಮಾಲ್ಸುಕ್ ತನ್ನ ಅಂಗಡಿಕಟ್ಟೆಯ ಹಕ್ಕು ಮಾರಿದಳು. ಅದು ಕರಗಿದ ಮೇಲೆ ಒಣಮೀನಿನ ಪಿಲ್ನ್ಯೋಳ ಬಳಿ ಸಾಲ ಮಾಡಿ, ಅವಳ ಅಂಗಡಿಯ ಪಕ್ಕದಲ್ಲೇ ಅರ್ಧ ದಿನದ ಕೂಲಿಗೆ ಮೀನು ಹೆಚ್ಚಲು ಕೂತಳು. ಅದೂ ಸಾಲದೆ ಕಡೆಗೆ ವಾರ್ಡ್ ಕಚೇರಿಗೆ ಹೋಗಿ, ಬಡವರ ಜೀವನ ಭತ್ಯೆಗೆ ಅರ್ಜಿ ಹಾಕಿದಳು. ಭತ್ಯೆ ಸಿಕ್ಕರೆ ಜೊತೆಗೆ ಆಸ್ಪತ್ರೆಯ ಖರ್ಚು ಸರಕಾರವೇ ಭರಿಸುವ ಕಾರ್ಡೂ ಸಿಗುತ್ತದೆ. ಬೇಕಾಗಿದ್ದದ್ದು ಆ ಕಾರ್ಡೇ.

ಅಲ್ಲಿ ತಕ್ ಎಂಬ ಗುಮಾಸ್ತನಿದ್ದ. ಎಳೆಯ ಹುಡುಗ, ಒಳ್ಳೆಯವನೇ.

"ಅಮ್ಮಾ, ನಿಮ್ಮ ಹೆಸರಲ್ಲಿ ಬ್ಯಾಂಕಲ್ಲಿ ದೊಡ್ಡ ದುಡ್ಡಿದೆ" ಎಂದ.

"ಅದು ದುಡ್ಡಲ್ಲ ಸಾರ್, ಮನೆ."

"ಮನೆ ಎಲ್ಲಿದೆ?"

"ಇನ್ನೂ ಬಂದಿಲ್ಲ."

"ಹಂಗಾದ್ರೆ ಅದು ದುಡ್ಡೇ ಅಮ್ಮಾ. ಕಂಪ್ಯೂಟರಿಗೆ ಹಂಗೇ ಕಾಣ್ಸೋದು. ಇಷ್ಟು ದುಡ್ಡಿರೋರಿಗೆ ತಿಂಗಳಿಗೆ ಇಷ್ಟು ವರಮಾನ ಇದೆ ಅಂತ ನಾವು ಹಿಡ್ಕೋತೀವಿ."

"ಆ ವರಮಾನ ನಂಗೆ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ. ಇದೆ ಅಂತ ಅನ್ಕೊಳೋದು, ಅಷ್ಟೆ." ಹುಡುಗನಿಗೇ ನಾಚಿಕೆಯಾಗಿ ದನಿ ಇಳಿಸಿದ. "ಖಾತೆ ಒಡೆದು ಖರ್ಚು ಮಾಡ್ಕೊಳಿ ಅಮ್ಮಾ. ಎಲ್ಲಾ ಮುಗಿದ ಮೇಲೆ ಬನ್ನಿ, ಮಾಡ್ಕೊಡ್ತೀನಿ."

ಮಾಲ್ಸುಕ್ ಪೇಟೆಗೆ ವಾಪಸು ಬಂದು ಪಿಲ್ನ್ಯೋಳ ಬೂತಾಯಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪಿಲ್ನ್ಯೋ ಅವಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಒಂದು ಹಿಡಿ ಒಣಮೀನು ಎತ್ತಿದರೆ ತಕ್ಕಡಿಗಿಂತ ಮೊದಲು ತೂಕ ಹೇಳುವವಳು, ಆ ತೂಕವೂ ಸದಾ ತನ್ನ ಕಡೆಗೇ ಒಂದು ಕೂದಲೆಳೆ ಹೆಚ್ಚು.

"ಒಡೀಬೇಡ ಕಣೇ ಮಂಕೇ," ಎಂದಳು. "ಅಡ ಇಡು."

"ಖಾತೇನ?"

"ಹೂಂ. ಅದರ ಮೇಲೆ ಅದೇ ಬ್ಯಾಂಕು ಸಾಲ ಕೊಡತ್ತೆ. ಈ ಕಡೆ ದುಡ್ಡು, ಆ ಕಡೆ ಸಾಲ, ತಕ್ಕಡಿ ಸಮ. ಕಚೇರಿಯೋರಿಗೆ ನೀನು ಕೈಬರಿದಾದೋಳು. ಆದ್ರೆ ಸರದಿ ಸಾಲಲ್ಲಿ ನಿಂತ ಜಾಗ ನಿಂದೇ."

"ಇದು ಮೋಸ ಅಲ್ವಾ ಅಕ್ಕ?"

"ಮೋಸ ಮಾಡೋಕೂ ಒಂದು ಯೋಗ್ಯತೆ ಬೇಕು, ನಿಂಗೆಲ್ಲಿದೆ? ಹೋಗಿ ಆ ಹುಡುಗನ್ನೇ ಕೇಳು."

ಕೇಳಿದಳು. ಬ್ಯಾಂಕಿನ ಸಾಲವನ್ನು ಆಸ್ತಿಯಲ್ಲಿ ಕಳೆಯಬಹುದು, ನಿಯಮದಲ್ಲೇ ಇದೆ ಎಂದ ತಕ್. ಹೀಗೆ ಮನೆಯಿಲ್ಲದವಳ ಮನೆ ಅಡವಾಯಿತು. ಸಾಲದ ದುಡ್ಡಿನಲ್ಲಿ ಆಸ್ಪತ್ರೆಯ ಬಾಕಿ ತೀರಿತು, ಪಿಲ್ನ್ಯೋಳ ಬಾಕಿಯೂ ತೀರಿತು. ವ್ಯಾಪಾರಿಯ ಪುಕ್ಕಟೆ ಬುದ್ಧಿವಾದಕ್ಕೂ ಒಂದು ಬೆಲೆಚೀಟಿ ಇರುತ್ತದೆ, ಹುಡುಕಬೇಕಷ್ಟೆ. ಆದರೆ ಮಾಲು ಖೋಟಾ ಆಗಿರಲಿಲ್ಲ. ಭತ್ಯೆ ಬಂತು, ಕಾರ್ಡು ಬಂತು. ಭತ್ಯೆಯಲ್ಲಿ ಬ್ಯಾಂಕಿನ ಬಡ್ಡಿ ಹೋಗಿ ಉಳಿದದ್ದರಲ್ಲಿ ಮಾಲ್ಸುಕ್ ಅನ್ನಕ್ಕೆ ನೀರು ಹಾಕಿಕೊಂಡು, ಪಿಲ್ನ್ಯೋ ಮಾರದೆ ಪಕ್ಕಕ್ಕೆ ಸರಿಸಿದ ಮುರುಕು ಮೀನು ನಂಜಿಕೊಂಡು ಉಣ್ಣುತ್ತಿದ್ದಳು. ಮೈ ಇಳಿಯಿತು. "ಫ್ಲಾಟಿನ ಬಾಗಿಲು ಸಣ್ಣದಿರತ್ತೆ, ಈಗಿಂದ್ಲೇ ಅಭ್ಯಾಸ ಮಾಡ್ಕೋತಿದೀಯಾ?" ಎಂದು ಪಕ್ಕದ ಕಟ್ಟೆಯಲ್ಲಿ ಏಡಿ ಮಾರುವವಳು ರೇಗಿಸಿದಳು.

ಹಾಗೇ ನಡೆದುಹೋಗುತ್ತಿತ್ತೇನೋ. ಶರತ್ಕಾಲದಲ್ಲಿ ಕೊಲ್ಲಿಯ ಆಚೆ ದಂಡೆಯ ಹೊಸ ಫ್ಲಾಟುಗಳ ಪ್ರಕಟಣೆ ಬಂತು. ಮಾಲ್ಸುಕ್ ಪಿಲ್ನ್ಯೋಗೆ ಹೇಳಲಿಲ್ಲ. ಆಸ್ಪತ್ರೆಗೆ ಹೋಗಿ, ಗಂಡನ ಉಗುರು ಕತ್ತರಿಸುತ್ತ, "ಅರ್ಜಿ ಹಾಕ್ಲಾ?" ಎಂದು ಕೇಳಿದಳು.

"ಹೂಂ" ಎಂದ ಚಿಲ್ಬೋಂಗ್.

ಅವನು ಏನು ಕೇಳಿದರೂ ಹಾಗೆ ಅನ್ನುವವನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಯಜಮಾನರ ಒಪ್ಪಿಗೆಯಾಯಿತೆಂದುಕೊಂಡು ಬ್ಯಾಂಕಿಗೆ ಹೋಗಿ ಅರ್ಜಿ ಹಾಕಿದಳು.

ಫಲಿತಾಂಶ ಬಂದಾಗ ಅವಳು ಆಗ್ವಿ ಮೀನು ಹೆಚ್ಚುತ್ತಿದ್ದಳು. ಮೈಯ ಅರ್ಧ ಬಾಯೇ ಆಗಿರುವ ಮೀನು ಅದು. ಅದರ ಹೊಟ್ಟೆಗೆ ಕೈ ಹಾಕಿದ್ದಾಗ ಫೋನು ಗುಂಯ್‌ಗುಟ್ಟಿತು. ಪಿಲ್ನ್ಯೋ ಎತ್ತಿ ಓದಿ, ಇಡೀ ಪೇಟೆಗೆ ಕೇಳುವಂತೆ ಕಿರುಚಿದಳು: "ಅಯ್ಯೋ, ಮಾಲ್ಸುಕ್‌ಗೆ ಮನೆ ಬಂತೂ!"

ಹೆಂಗಸರು ಚಪ್ಪಾಳೆ ತಟ್ಟಿದರು. ಏಡಿಯವಳು ಓಡಿಬಂದು ತಬ್ಬಿಕೊಂಡಳು. ಎಲ್ಲರೂ ತಮ್ಮ ತಮ್ಮ ಗಿರಾಕಿಗಳ ಕಡೆ ತಿರುಗಿದ ಮೇಲೆ ಪಿಲ್ನ್ಯೋಳ ಮುಖ ಮೆಲ್ಲಗೆ ಇಳಿಯಿತು. ಲೆಕ್ಕ ಬಲ್ಲವರಿಗೆ ಸಂತೋಷ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

"ಯಾಕೆ ಹಾಕಿದ್ಯೇ? ಕರಾರಿನ ಮುಂಗಡ ಎಲ್ಲಿಂದ ತರ್ತೀಯ?"

"ಬರೀ ನೋಡೋಣಾಂತ ಹಾಕ್ದೆ ಅಕ್ಕ."

"ನೋಡೋಕೆ ಅದೇನು ಸಿನಿಮಾನ? ಗೆದ್ದು ಬಿಟ್ಟುಕೊಟ್ರೆ ಖಾತೆ ಸತ್ತಂಗೆ. ಆ ಸಾಲಿಗೆ ನೀನು ಮತ್ತೆ ಬಾಲದಿಂದ ನಿಲ್ಬೇಕು, ಅದೂ ನಿಲ್ಲೋಕೆ ಬಿಟ್ರೆ. ಗೊತ್ತಿರಲಿಲ್ವಾ?"

"ಗೊತ್ತಿತ್ತು." ಮಾಲ್ಸುಕ್ ಚೂರಿ ಒರೆಸಿದಳು. "ಇಪ್ಪತ್ತು ವರ್ಷ ನಿಂತಿದೀನಿ. ಮುಂದೆ ಎಷ್ಟು ಜನ ಇದಾರೇಂತ ಒಂದ್ಸಲನಾದ್ರೂ ಇಣುಕಿ ನೋಡ್ಬೇಕು ಅನ್ನಿಸ್ತು. ಯಾರೂ ಇರಲಿಲ್ಲ ಅಕ್ಕ."

ಮರುದಿನ ಪಿಲ್ನ್ಯೋಳೇ ಬಂದು, ಮುಂಗಡ ತಾನು ಕೊಡುತ್ತೇನೆ, ಬಡ್ಡಿ ಬೇಡ ಎಂದಳು. ಪಿಲ್ನ್ಯೋ ಬಡ್ಡಿ ಬೇಡ ಎಂದಳೆಂದು ಪೇಟೆಯಲ್ಲಿ ಆಣೆ ಮಾಡಿ ಹೇಳಿದರೂ ಯಾರೂ ನಂಬರು. ಇಬ್ಬರೂ ಕೂಡಿ ತಕ್‌ನ ಬಳಿ ಹೋದರು.

"ಅಭಿನಂದನೆ ಅಮ್ಮಾ" ಎಂದ ತಕ್. ಆಮೇಲೆ ಕಂಪ್ಯೂಟರಿನ ಕಡೆ ನೋಡಿದ. ಕರಾರಿಗೆ ಸಹಿ ಹಾಕಿ ಮುಂಗಡ ಕಟ್ಟಿದ ಗಳಿಗೆಯಿಂದ ಆ ಫ್ಲಾಟಿನ ಹಕ್ಕು ಆಸ್ತಿಯಾಗುತ್ತದೆ. ಗೆಳತಿ ಕೊಟ್ಟ ಕೈಸಾಲಕ್ಕೆ ಬ್ಯಾಂಕಿನ ಕಾಗದವಿಲ್ಲದ ಕಾರಣ ಅದನ್ನು ಕಳೆಯಲು ಬರುವುದಿಲ್ಲ. ಭತ್ಯೆ ನಿಲ್ಲುತ್ತದೆ.

"ಕಾರ್ಡು?" ಎಂದಳು ಮಾಲ್ಸುಕ್.

"ಕಾರ್ಡೂ ಅಮ್ಮಾ."

"ಮನೆ ಯಾವಾಗ ಕೈಗೆ ಬರತ್ತೆ?"

"ಕಟ್ಟಿ ಮುಗೀಬೇಕಲ್ಲ. ಎರಡು ವರ್ಷ, ಮೂರು ವರ್ಷ."

"ಅಲ್ಲೀತನಕ ಇವಳ ಗಂಡ ಎಲ್ಲಿ ಮಲಗ್ಬೇಕಪ್ಪ, ಕಟ್ಟೋ ಗೋಡೆ ಮೇಲಾ?" ಎಂದು ಪಿಲ್ನ್ಯೋ ಮೇಜು ಕುಟ್ಟಿದಳು. ತಕ್‌ನ ಕಂಪ್ಯೂಟರಿನಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟ, ಅಷ್ಟೆ.

ಕರಾರಿನ ಕಡೇ ದಿನ ಮಾಲ್ಸುಕ್ ಎಂದಿನಂತೆ ಕೂಲಿಗೆ ಬಂದಳು. ಅರ್ಧ ದಿನ ಮುಗಿದರೂ ಏಳಲಿಲ್ಲ. ಹೊತ್ತು ಇಳಿಯುವವರೆಗೆ, ಮಾರಾಟದ ಕಚೇರಿಯ ಬಾಗಿಲು ಹಾಕುವ ಹೊತ್ತು ಕಳೆಯುವವರೆಗೆ, ಒಂದಾದ ಮೇಲೊಂದು ಮೀನು ಎಳೆದುಕೊಂಡು ಹೆಚ್ಚುತ್ತಲೇ ಇದ್ದಳು. ಕಡೆಗೆ ಹೆಚ್ಚಲು ಮೀನೇ ಉಳಿಯದಿದ್ದಾಗ ಮಾಲ್ಸುಕ್ ಎದ್ದು ಕಟ್ಟೆ ತೊಳೆದಳು.

ಆ ವಾರ ಖಾತೆ ಮುಚ್ಚಿಸಿದಳು. ಬ್ಯಾಂಕು ತನ್ನ ಸಾಲ ಮುರಿದುಕೊಂಡು ಉಳಿದದ್ದನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಿತು. ಇಷ್ಟು ವರ್ಷ ಬಂದವಳೆಂದು ಒಂದು ಪ್ಯಾಕೆಟ್ ಟಿಶ್ಯೂ ಕಾಗದವನ್ನೂ ಉಡುಗೊರೆ ಕೊಟ್ಟರು. ಲಕೋಟೆ ಎಷ್ಟು ತೆಳ್ಳಗಿತ್ತೆಂದರೆ ತಕ್‌ನ ಕಂಪ್ಯೂಟರ್ ಕೂಡ ಅದನ್ನು ಆಸ್ತಿ ಎಂದುಕೊಳ್ಳಲಾರದು.

ಮಾರನೆಯ ದಿನ ಅವಳು ಕೆಂಪು ಹುರುಳಿಯ ಪುಡಿ ಉದುರಿಸಿದ ಬಿಸಿ ಅಕ್ಕಿ ಕಡುಬಿನ ಪೆಟ್ಟಿಗೆ ತಲೆ ಮೇಲೆ ಹೊತ್ತು ಪೇಟೆಗೆ ಬಂದಳು. ಮನೆ ಬಂದವರು ಹಂಚುವ ಕಡುಬು.

ಪಿಲ್ನ್ಯೋ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. "ತಲೆ ಕೆಟ್ಟಿದೆಯೇನೇ ನಿಂಗೆ? ಯಾವ ಮನೇಂತ ಹಂಚ್ತೀಯ?"

"ಎಲ್ರೂ ಕೇಳ್ತಿದಾರೆ ಅಕ್ಕ. ಎಷ್ಟು ಜನಕ್ಕೆ ಅಂತ ಬಿಡಿಸಿ ಹೇಳ್ಲಿ? ಗೆದ್ದಿದ್ದಂತೂ ಸುಳ್ಳಲ್ವಲ್ಲ."

ಏಡಿಯವಳು ಎರಡು ತುಂಡು ಎತ್ತಿಕೊಂಡಳು. ಒಂದು ಬಾಯಿಗೆ, ಒಂದು ಮೊಮ್ಮಗಳಿಗೆಂದು ಏಪ್ರನ್ನಿನ ಜೇಬಿಗೆ. "ಎಷ್ಟನೇ ಮಹಡಿಯೇ?"

"ಹನ್ನೊಂದು."

"ಎತ್ತರ! ಗಾಳಿ ಬರತ್ತೆ. ಯಾವಾಗ ಹೋಗ್ತೀರ?"

"ನಮ್ಮೋರು ಎದ್ದು ಓಡಾಡೋ ಹಂಗಾಗ್ಲಿ" ಎಂದು ಮಾಲ್ಸುಕ್ ಪೆಟ್ಟಿಗೆ ಎತ್ತಿಕೊಂಡು ಚಿಪ್ಪುಮೀನು ಮಾರುವವಳ ಅಂಗಡಿಯತ್ತ ನಡೆದಳು.