ಹೆಪ್ಪಿಗೆ ಉಳಿಸಿದ ಎಣ್ಣೆ

ನನಗೆ ದೆವ್ವಭೂತಗಳ ಮೇಲೆ ನಂಬಿಕೆಯಿಲ್ಲ, ಗೇರ್ ಆಯಿಲ್ ಮೇಲೆ ಇದೆ. ಹೀಗೆ ಹೇಳಿಕೊಂಡು ತಿರುಗುತ್ತಿದ್ದ ನಾನು, ಜಯನಗರದ ಮನೆಯ ಮುಂದೆ ನಮ್ಮ ಹಳೆಯ ಕಾರಿನ ಕೆಳಗೆ ಮಲಗಿ ಮಾಡಿದ ಕೆಲಸವನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಲಾರೆ.

ಕಾರು ಅಪ್ಪನದು, ಎರಡನೇ ಮಹಾಯುದ್ಧಕ್ಕಿಂತ ಮುಂಚಿನದು. ವಯಸ್ಸಾದ ಮೇಲೆ ಅವರು ಸ್ಟಿಯರಿಂಗ್ ನನಗೆ ಬಿಟ್ಟು ಹಿಂದಿನ ಸೀಟಿನ ಎಡಗಡೆ ಕೂರುತ್ತಿದ್ದರು, ಪಕ್ಕದಲ್ಲಿ ಅಮ್ಮ. ಸಂಜೆ ಬನಶಂಕರಿ ಗುಡಿಯವರೆಗೆ ಹೋಗಿ ಬರುತ್ತಿದ್ದೆವು. ದಾರಿಯುದ್ದಕ್ಕೂ ಅಪ್ಪ ಬಾಯಿ ಮುಚ್ಚಿಕೊಂಡೇ ಏನನ್ನೋ ಗುನುಗುತ್ತಿದ್ದರು. ಅದಕ್ಕೆ ರಾಗವೂ ಇಲ್ಲ, ತಾಳವೂ ಇಲ್ಲ. ನನಗೋ ಕಿರಿಕಿರಿ.

ಅವರು ತೀರಿಹೋದ ಮೇಲೆ ಅಮ್ಮ ಮಾತು ಬಿಟ್ಟರು. ತಟ್ಟೆಯ ಮುಂದೆ ಕೂತು, ಅನ್ನ ಕಲೆಸಿ, ಹಾಗೇ ಏಳುತ್ತಿದ್ದರು. ಒಂದಿಷ್ಟು ಗಾಳಿ ಬೀಸಲಿ ಎಂದು ಒಂದು ಸಂಜೆ ಬಲವಂತದಿಂದ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಗುಡಿಯ ರಸ್ತೆಗೆ ತಿರುಗಿದಾಗ ಹಿಂದಿನಿಂದ ಶಬ್ದ ಬಂತು. ಮ್‌ಮ್‌ಮ್ ಎಂದು, ಮುಚ್ಚಿದ ಬಾಯಿಯೊಳಗಿನಿಂದ ಬಂದ ಹಾಗೆ. ನಾನು ಗಕ್ಕನೆ ಬ್ರೇಕ್ ಒತ್ತಿದೆ. ಅಮ್ಮ ಮಾತ್ರ ಖಾಲಿ ಸೀಟಿನ ಕಡೆ ತಿರುಗಿ, “ಇವತ್ತು ಬದನೆಕಾಯಿ ಎಳೇದು ಸಿಕ್ತು,” ಅಂದರು. ಅಂದು ಹೊಟ್ಟೆ ತುಂಬ ಊಟ ಮಾಡಿದರು. ಅಲ್ಲಿಂದ ದಿನಾ ಸಂಜೆ ಅದೇ ಸವಾರಿ, ಅದೇ ಮಾತುಕತೆ.

ಶಬ್ದ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಅಪ್ಪನ ಸೀಟಿನ ಕೆಳಗೇ ಹಿಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್. ಒಳಗಿನ ಎಣ್ಣೆ ಹಳತಾಗಿ ನೀರಾದರೆ ಹಲ್ಲುಚಕ್ರಗಳು ಒಂದನ್ನೊಂದು ತಿನ್ನುತ್ತಾ ಹೀಗೆ ಕೊರಗುತ್ತವೆ. ಹಾಗೇ ಬಿಟ್ಟರೆ ಒಂದು ದಿನ ನಡುರಸ್ತೆಯಲ್ಲಿ ಚಕ್ರ ಕಚ್ಚಿಕೊಂಡು ಗಾಡಿ ಮಗುಚುತ್ತದೆ, ಹಿಂದೆ ಅಮ್ಮ ಕೂತಿರುತ್ತಾರೆ. ಎಣ್ಣೆ ಬದಲಾಯಿಸಲೇಬೇಕಿತ್ತು.

ಭಾನುವಾರ ಬೆಳಿಗ್ಗೆ, ಎಣ್ಣೆ ಬಿಸಿಯಾಗಿ ಸಲೀಸಾಗಿ ಇಳಿಯಲಿ ಎಂದು ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಕೆಳಗೆ ತೂರಿ, ತಳದ ಬಿರಡೆ ಬಿಚ್ಚಿದೆ. ಕಪ್ಪು ಎಣ್ಣೆ ಗಂಧಕದ ನಾತ ಹೊಡೆಯುತ್ತಾ ಡಬ್ಬಿಗೆ ಇಳಿಯಿತು. ಅದರೊಳಗೆ ಉಕ್ಕಿನ ಪುಡಿ ಮಿನುಗುತ್ತಿತ್ತು. ಮೆಟ್ಟಿಲ ಮೇಲಿಂದ ಅಮ್ಮನ ದನಿ ಕೇಳಿಸಿತು.

“ಎಲ್ಲಾ ಬಸಿದುಬಿಡ್ಬೇಡ ಕಣೋ. ಹೆಪ್ಪಿಗೆ ಅಂತ ಒಂದ್ ಚೂರು ಉಳ್ಸು.”

“ಇದೇನು ಮೊಸರಾ ಅಮ್ಮ?”

“ಯಾವುದಾದ್ರೂ ಅಷ್ಟೆ. ಪಾತ್ರೆ ಪೂರ್ತಿ ಬರಿದು ಮಾಡ್ಬಾರ್ದು.”

ನಮ್ಮ ಮನೆಯಲ್ಲಿ ಹೆಪ್ಪು ತಪ್ಪಿದ್ದೇ ಇಲ್ಲ. ಅಮ್ಮನಿಗೆ ಅವರ ಅತ್ತೆ ಕೊಟ್ಟ ಮೊಸರೇ ದಿನದಿಂದ ದಿನಕ್ಕೆ ನಮ್ಮ ತಟ್ಟೆಯ ತನಕ ಬಂದಿತ್ತು. ನಾನು ನಕ್ಕು, ಹನಿ ಬಿಡದೆ ಬಸಿದು, ಸೀಮೆಎಣ್ಣೆ ಹಾಕಿ ತೊಳೆದೆ. ಪಕ್ಕದ ತೂತಿನಿಂದ ಚೆಲ್ಲುವ ತನಕ ಹೊಸ ಎಣ್ಣೆ ತುಂಬಿದೆ.

ಸಂಜೆ ಗಾಡಿ ಸದ್ದಿಲ್ಲದೆ ಹೋಯಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಾ ಗುಡಿಯ ರಸ್ತೆಯ ಹುಣಸೆಮರಗಳನ್ನು ದಾಟುತ್ತಿದ್ದೆ.

“ಗಾಡಿ ನಿಲ್ಸು,” ಅಂದರು ಅಮ್ಮ. “ನಿಮ್ಮಪ್ಪ ಇಳಿದುಬಿಟ್ಟಿದಾರೆ. ಹಿಂದಕ್ಕೆ ತಿರುಗ್ಸು.”

ತಿರುಗಿಸಿದೆ. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ರಾಗಿ ಹೊಲಗಳಲ್ಲಿ ಹುಡುಕುತ್ತಾ ಬಂದರು. ಮನೆಗೆ ಬಂದವರು ತುತ್ತು ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ನನಗೆ ಭಯವಾಯಿತು. ದೆವ್ವದ ಭಯವಲ್ಲ, ಅಮ್ಮ ಉಳಿಯುವುದಿಲ್ಲ ಎಂಬ ಭಯ.

ಹಳೆಯ ಎಣ್ಣೆಯನ್ನು ಗೇಟಿನ ಮರಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಇಟ್ಟುಕೊಂಡಿದ್ದೆ. ಆ ಡಬ್ಬಿ ಹಿಡಿದು ಅಮ್ಮನ ಮುಂದೆ ನಿಂತೆ. ಮಡಿ ಮೈಲಿಗೆ ಎನ್ನುವ ಅಮ್ಮ, ತಾವೇ ಅಡುಗೆಮನೆಯಿಂದ ಹೆಪ್ಪು ಹಾಕುವ ಚಮಚ ತಂದುಕೊಟ್ಟರು. ಒಂದು ಚಮಚ ಹಳೆಯ ಎಣ್ಣೆಯನ್ನು ಆಕ್ಸಲ್ಲಿಗೆ ಹಾಕಿದೆ. ಹುಚ್ಚು ಕೆಲಸವೆಂದು ಗೊತ್ತಿತ್ತು. ಅಷ್ಟರಿಂದ ಶಬ್ದ ಬರುವುದು ಸಾಧ್ಯವೇ ಇಲ್ಲ.

ಸಂಜೆ ಹುಣಸೆಮರಗಳ ತನಕ ಏನೂ ಕೇಳಿಸಲಿಲ್ಲ. ಅಲ್ಲಿ ಅಮ್ಮ ನಿಲ್ಲಿಸು ಅಂದರು. ನಿಲ್ಲಿಸಿ, ಎಂಜಿನ್ ಆರಿಸಿ, ಕನ್ನಡಿಯಲ್ಲಿ ನೋಡಿದೆ. ಅವರು ಎಡಗಡೆ ಬಿದ್ದಿದ್ದ ಸೆರಗನ್ನು ಎಳೆದುಕೊಂಡು, ಬಲಕ್ಕೆ ಸರಿದು ಜಾಗ ಮಾಡಿದರು. ಸೀಟಿನ ಸ್ಪ್ರಿಂಗು ಕಿರ್ರೆಂದಿತು. ಆಮೇಲೆ, ನಿಂತ ಗಾಡಿಯಲ್ಲಿ, ಅದು ಶುರುವಾಯಿತು. ಮ್‌ಮ್‌ಮ್.

“ಇನ್ನು ನಡಿ,” ಅಂದರು ಅಮ್ಮ. “ಅನ್ನ ಆರ್ಹೋಗತ್ತೆ.”

ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಮನೆ ಮುಟ್ಟಿದ ಮೇಲೆ ಇಳಿದು, ಮೊದಲು ಎಡಗಡೆಯ ಬಾಗಿಲು ತೆಗೆದು, ವಯಸ್ಸಾದವರೊಬ್ಬರು ಇಳಿಯುವಷ್ಟು ಹೊತ್ತು ಹಿಡಿದುಕೊಂಡು ನಿಂತೆ. ಆಮೇಲೆ ಅಮ್ಮನ ಬಾಗಿಲಿಗೆ ಹೋದೆ.