ನಾಲ್ಕನೆಯ ಪದರ

ಮಾಸ್ತರಿಕೆಯಿಂದ ನಿವೃತ್ತಿಯಾದ ಬಳಿಕ ನಾನು ಆರ್ ಎಂಬ ಗಣಕ ಭಾಷೆಯನ್ನು ಕಲಿತೆ. ಈ ವಯಸ್ಸಿಗೆ ಇದೇಕೆ ಎಂದು ಚಿಕ್ಕೋಡಿಯಲ್ಲಿ ಯಾರು ಯಾರು ನಕ್ಕರೆಂಬುದು ನನಗೆ ಸ್ಪಷ್ಟವಾಗಿ ನೆನಪಿದೆ.

ಅಥಣಿಯ ಕಡೆಗೆ ಕೊಟ್ಟ ನನ್ನ ತಂಗಿಯ ಮನೆಯಲ್ಲಿ ದ್ರಾಕ್ಷಿಯನ್ನು ಶೆಡ್ಡಿನ ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲು ತಾಗಿದರೆ ಕಾಯಿ ಕಪ್ಪಾಗುತ್ತದೆಯೆಂದು ಅವಳು ಶೆಡ್ಡಿನ ಅರ್ಧಭಾಗಕ್ಕೆ ನೆರಳಿಗಾಗಿ ಇನ್ನೊಂದು ಬಲೆ ಕಟ್ಟಿಸಿದ್ದಳು. ಅದು ವ್ಯರ್ಥ, ಬಿಚ್ಚಿಸುತ್ತೇನೆ ಎಂದು ಅವಳ ಭಾವ, ಅಂದರೆ ಗಂಡನ ಅಣ್ಣ, ಹಟ ಹಿಡಿದಿದ್ದರು. ಬಣ್ಣವನ್ನು ಅಳೆದು ಹೇಳುತ್ತೇನೆಂದು ನಾನು ನಡುವೆ ಬಂದೆ.

ತಂಗಿ ಹೊಸ ಬಲೆಯ ಕೆಳಗಿನಿಂದ, ಭಾವ ಅದಿಲ್ಲದ ಅರ್ಧದಿಂದ ಒಂದೊಂದು ಬೊಗಸೆ ಕಾಯಿ ಒಯ್ದು ಅಥಣಿಯ ಸ್ಟುಡಿಯೊದಲ್ಲಿ ಒಂದೇ ಬಿಳಿ ಬಟ್ಟೆಯ ಮೇಲೆ, ಒಂದೇ ಬೆಳಕಿನಲ್ಲಿ ಫೋಟೊ ತೆಗೆಸಿದರು. ಭಾವ ತಮ್ಮದನ್ನು ಆಗಲೇ ಪಡೆದು ಹೊರಟರು. ತಂಗಿ ಕಾದು ನಿಂತು ತಂದಳು.

ಆರ್ ಭಾಷೆಗೆ ಚಿತ್ರವೆಂದರೆ ಅಂಕಿಗಳ ಪೆಟ್ಟಿಗೆ: ಸಾಲು, ಕಂಬಸಾಲು, ಮೂರು ಬಣ್ಣಗಳಿಗೆ ಮೂರು ಪದರ. ಭಾವನ ಚಿತ್ರದಲ್ಲಿ ಮೂರೇ ಇದ್ದವು, ತಂಗಿಯದರಲ್ಲಿ ನಾಲ್ಕು. ಎರಡನ್ನೂ ಜೋಡಿಸಹೋದರೆ ಅಳತೆ ಹೊಂದದೆಂದು ಗಣಕ ನಿಂತಿತು. ಅಂತರ್ಜಾಲದಲ್ಲಿ ಯಾರೋ ಬರೆದ ಸಲಹೆಯಂತೆ ನಾಲ್ಕನೆಯದನ್ನು ಕೈಬಿಟ್ಟು ಸರಾಸರಿ ತೆಗೆದೆ. ತಂಗಿಯ ಕಾಯಿಯೇ ಕಪ್ಪೆಂದು ಬಂತು.

"ಮಾಸ್ತರ್ರ, ನಿಮ್ಮ ಕಂಪ್ಯೂಟರ್ ಸುದ್ದಾ ನನ್ನ ಕಡೀನ ಐತ್ರಿ!" ಭಾವ ಮನೆಮಂದಿಯ ಮುಂದೆ ತೊಡೆ ತಟ್ಟಿ ನಕ್ಕರು. "ಈ ಸಂತಿ ಮುಗೀಲಿ, ಬಲಿ ಬಿಚ್ಚಸ್ತೇನಿ."

"ಅಣ್ಣಾ, ಇನ್ನೊಮ್ಮೆ ನೋಡೋ," ಎಂದಳು ತಂಗಿ. "ನನ್ನ ಕಣ್ಣಿಗೆ ಹಸರ ಕಾಣಸ್ತಾವು."

ಆ ನಗೆ ನನ್ನನ್ನು ಚುಚ್ಚಿತು ನಿಜ. ಆದರೆ ಊಟ ಬಿಡಿಸಿದ್ದು ಕುತೂಹಲ. ಬೇಡವೆಂದು ಎಸೆದ ಪದರದಲ್ಲಿ ಇದ್ದದ್ದಾದರೂ ಏನು? ಅದೊಂದನ್ನೇ ಪರದೆಯ ಮೇಲೆ ಹರಡಿದೆ. ಬಣ್ಣವಿಲ್ಲ; ಕಾಯಿಗಳಿದ್ದಲ್ಲಿ ಬಿಳುಪು, ಉಳಿದೆಡೆಯೆಲ್ಲ ಕಪ್ಪು. ಕತ್ತರಿಸಿದ ಅಂಚಿನಂತಿತ್ತು. ಸ್ಟುಡಿಯೊದವನಿಗೆ ಫೋನು ಮಾಡಿದೆ.

"ಅಕ್ಕಾರು ನಿಂತಿದ್ರಲ್ರಿ, ಹಂಗ ಹೆಂಗ ಕೊಡೂದ್ರಿ? ಮದುಮಕ್ಕಳ ಫೋಟೊಕ್ಕ ಮಾಡಿದಂಗ ಹಿಂದಿನ ಬಟ್ಟಿ ಕತ್ತರಿಸಿ ಕ್ಲೀನ್ ಮಾಡೇನ್ರಿ. ಚಂದ ಆಗೇತಲ್ರಿ?"

ಚಂದವೇ ಆಗಿತ್ತು. ಬಟ್ಟೆ ಹೋದ ಜಾಗವೆಲ್ಲ ಸೊನ್ನೆಯಾಗಿತ್ತು. ನಾಲ್ಕನೆಯ ಪದರ ಅದನ್ನು ಮರೆಮಾಡಿತ್ತು. ಪದರ ತೆಗೆದೊಡನೆ ಆ ಸೊನ್ನೆಗಳು ಕಪ್ಪಾಗಿ ತಂಗಿಯ ಲೆಕ್ಕಕ್ಕೆ ಬಿದ್ದಿದ್ದವು. ಭಾವನ ಲೆಕ್ಕಕ್ಕೆ ಬಟ್ಟೆಯ ಬಿಳುಪೂ ಸೇರಿತ್ತು.

"ಹಂಗಾದ್ರ ಅವರ ಭಾವನ್ನೂ ಮದುಮಗನ್ನ ಮಾಡಪ್ಪಾ," ಎಂದೆ.

ಆ ಚಿತ್ರವೂ ಬಟ್ಟೆ ಕಳಚಿಕೊಂಡು ಬಂತು. ಈಗ ಎರಡರಲ್ಲೂ ನಾಲ್ಕು ಪದರ. ನಾಲ್ಕನೆಯದು ಕಾಯಿಯೆಂದು ತೋರಿಸಿದ ಕಡೆ ಮಾತ್ರ ಬಣ್ಣ ಅಳೆದೆ. ತಂಗಿಯ ಕಾಯಿ ನಿಚ್ಚಳವಾಗಿ ತಿಳಿಹಸಿರಾಗಿತ್ತು.

ಭಾವ ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ಅರ್ಧಕ್ಕ ಕಟ್ಟಿದ್ರ ಹೆಂಗ ಗೊತ್ತಾಗಬೇಕ್ರಿ? ನಾ ಮೊದಲ ಹೇಳೇನಿ, ಪೂರ್ತಿ ಶೆಡ್ಡಿಗೆ ಬಲಿ ಬೇಕಂತ."

ಅವರು ಹಾಗೆ ಎಂದೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ಕೈ ಒತ್ತಿ, "ಹೌದ್ರಿ ಭಾವಾರ, ನೀವು ಹೇಳಿದ್ರಿ," ಎಂದು ಬಲೆ ಅಳೆಯಲು ಎದ್ದಳು.