ಎರಡು ನಾಣ್ಯ, ಒಂದು ಜೋಲಿ

ಕಳೆದ ಬೇಸಿಗೆಯಲ್ಲಿ ನಾವು ಮೂವರು ಹೆಂಗಸರು ಭಾವಿಕೇರಿಯ ಒಂದು ಮಾವಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆವು. ನಾನು, ನನ್ನ ವಾರಗಿತ್ತಿ, ಮತ್ತೆ ನೆರೆಮನೆಯ ಹಿರಿಯಕ್ಕ. ಕರಿ ಇಶಾಡು ಜಾತಿಯ ಮಾವಿನಕಾಯಿಗಳನ್ನು ಆರಿಸಿ ಹುಲ್ಲಿನ ಮೇಲೆ ಹರವುವ ಕೆಲಸ. ಮಧ್ಯಾಹ್ನ ಗಂಜಿ ಉಂಡ ಮೇಲೆ ಅರ್ಧ ತಾಸು ಬಿಡುವು. ತೋಟದವರು ಹಳೆಯ ಮೀನುಬಲೆಯಿಂದ ಎರಡು ಮರಗಳ ನಡುವೆ ಒಂದು ಜೋಲಿ ಕಟ್ಟಿದ್ದರು. ಅದರಲ್ಲಿ ಮಲಗಿದರೆ ಕೇಣಿ ಊರಿನ ಕಡೆಯ ಕಡಲಗಾಳಿ ನೇರ ಬೆನ್ನಿಗೆ ತಾಗುತ್ತಿತ್ತು. ಆದರೆ ಜೋಲಿ ಒಂದು, ನಾವು ಮೂವರು.

ಉಪಾಯ ಹೊಳೆದದ್ದು ನನಗೇ. ಎರಡು ಒಂದು ರೂಪಾಯಿ ನಾಣ್ಯ ಒಟ್ಟಿಗೆ ಚಿಮ್ಮುವುದು. ಎರಡೂ ಸಿಂಹ ಬಿದ್ದರೆ ನಾನು, ಎರಡೂ ಅಂಕಿ ಬಿದ್ದರೆ ವಾರಗಿತ್ತಿ, ಒಂದು ಸಿಂಹ ಒಂದು ಅಂಕಿಯಾದರೆ ಹಿರಿಯಕ್ಕ. ಮೂರು ಬಗೆ, ಮೂರು ಜನ, ಎಲ್ಲರಿಗೂ ಸಮ ಎಂದು ನನ್ನ ಬುದ್ಧಿಗೆ ನಾನೇ ಹಿಗ್ಗಿದ್ದೆ.

ಹನ್ನೆರಡು ದಿನದಲ್ಲಿ ಏಳು ದಿನ ಹಿರಿಯಕ್ಕನೇ ಜೋಲಿ ಹತ್ತಿದಳು. ಹತ್ತಿದ ಕೂಡಲೇ ಗೊರಕೆ ಬೇರೆ. ವಾರಗಿತ್ತಿಗೆ ಗುಮಾನಿ ಬಂತು, ನಾಣ್ಯಗಳನ್ನು ಕಲ್ಲಿನ ಮೇಲೆ ಕುಟ್ಟಿ ನೋಡಿದಳು. ನಾಣ್ಯ ಸರಿಯಾಗಿಯೇ ಇದ್ದವು.

ಅಂದು ಸಂಜೆ ಮನೆಯಲ್ಲಿ ಈ ಸಂಗತಿ ಹೇಳಿದೆ. ಹತ್ತನೆಯ ತರಗತಿಗೆ ಕಾಲಿಡಲಿದ್ದ ಮಗಳು ಪಾಠಪುಸ್ತಕದ ಸಂಭವನೀಯತೆಯ ಪುಟ ತೆರೆದಳು. ಆಮೇಲೆ ಒಂದು ರೂಪಾಯಿಯದ್ದನ್ನೂ ಐದು ರೂಪಾಯಿಯದ್ದನ್ನೂ ಚಾಪೆಯ ಮೇಲಿಟ್ಟು ತಿರುಗಿಸುತ್ತ ಹೋದಳು. ಎರಡೂ ಸಿಂಹ. ಎರಡೂ ಅಂಕಿ. ಚಿಕ್ಕದು ಸಿಂಹ, ದೊಡ್ಡದು ಅಂಕಿ. ಚಿಕ್ಕದು ಅಂಕಿ, ದೊಡ್ಡದು ಸಿಂಹ.

"ಮೂರಲ್ಲ ಆಯಿ, ನಾಲ್ಕು ಬಗೆ. ಎರಡು ಅಕ್ಕಂದೇ. ನೀನೇ ಅವ್ಳಿಗೆ ಅರ್ಧ ಜೋಲಿ ಬರ್ಕೊಟ್ಟಿದ್ದಿ."

ನಾಣ್ಯ ಒಂದೇ ತರದವಾದ್ದರಿಂದ ಕೊನೆಯ ಎರಡು ಬಗೆ ನನ್ನ ಕಣ್ಣಿಗೆ ಒಂದಾಗಿ ಕಂಡಿದ್ದವು. ನಾಚಿಕೆಗಿಂತ ಮೊದಲು ನಗು ಬಂತು.

ಮರುದಿನ ತೋಟದಲ್ಲಿ ಹಿರಿಯಕ್ಕನ ಮುಂದೆ ಅದೇ ನಾಲ್ಕು ಬಗೆ ಇಟ್ಟು ತೋರಿಸಿದೆ. ಮೊದಲೇ ಗೊತ್ತಿತ್ತೋ ಎಂದು ವಾರಗಿತ್ತಿ ಕೇಳಿದಳು. ಹಿರಿಯಕ್ಕ ಎಲೆಯಡಿಕೆ ಜಗಿಯುತ್ತ ನಿಧಾನವಾಗಿ ಹೇಳಿದಳು: "ನಂಗೆಂತಾ ಗೊತ್ತೆ? ನೀವಿಬ್ರೂ ಬೇಕಾದ್ದು ತಕಂಡ್ರಿ. ಉಳ್ದದ್ದು ನಂಗೆ ಕೊಟ್ರಿ. ನಾ ಮನೀಕಂಡೆ."

ಮಗಳು ಹೇಳಿಕೊಟ್ಟಂತೆ ಅಂದಿನಿಂದ ಚಿಕ್ಕದೊಂದು, ದೊಡ್ಡದೊಂದು ನಾಣ್ಯ ಹಿಡಿದೆವು. ಚಿಕ್ಕದು ಸಿಂಹ, ದೊಡ್ಡದು ಅಂಕಿ ಬಿದ್ದರೆ ಮಾತ್ರ ಹಿರಿಯಕ್ಕ. ಅದರ ತಿರುವುಮುರುವಾದರೆ ಯಾರಿಗೂ ಇಲ್ಲ, ಮತ್ತೆ ಚಿಮ್ಮುವುದು. ಹೊಸ ಲೆಕ್ಕದ ಮೊದಲ ಎರಡು ದಿನವೂ ಹಿರಿಯಕ್ಕನೇ ಗೆದ್ದಳು. ವಾರಗಿತ್ತಿ ಪುಸ್ತಕವನ್ನೇ ಬೈದಳು. ಹಾಗೂ ಆಗಬಹುದು, ಎರಡು ದಿನ ನೋಡಿ ನಿಯಮ ತಪ್ಪು ಅನ್ನಬಾರದು ಎಂದು ಮಗಳು ಸಮಾಧಾನ ಹೇಳಿ ಕಳಿಸಿದಳು.

ಮೂರನೆಯ ದಿನ ಎರಡೂ ಸಿಂಹ ಬಿದ್ದವು. ನಾನು ಸೆರಗು ಕಟ್ಟಿ ಜೋಲಿ ಹತ್ತಿ ಕಣ್ಣು ಮುಚ್ಚಿದೆ. ಕೆಳಗೆ ಅವರಿಬ್ಬರೂ, ಮದುವೆಯಾದ ಹೊಸತರಲ್ಲಿ ನಾನು ಮೀನುಸಾರಿಗೆ ಹುಣಸೆಯೆಂದು ಬೆಲ್ಲ ಹಾಕಿದ ಕತೆ ತೆಗೆದು ನಗತೊಡಗಿದರು. ಮುದ್ದೆ ಮುದ್ದೆ ಬೆಲ್ಲ ಎಂದಳು ವಾರಗಿತ್ತಿ. ಹಾಕಿದ್ದು ಒಂದೇ ತುಂಡು. ಅದನ್ನು ಹೇಳಲಿಕ್ಕೆಂದೇ ಜೋಲಿ ಬಿಟ್ಟು ಇಳಿದೆ.